ಕಿರಿದಾದ ಪಟ್ಟಿಯ ಅಂಚಿನಲ್ಲಿ ರೌಟರ್ ವಾಲದಂತೆ ಓಡಿಸುವುದು: ಒಂದು ಎಡ್ಜ್ ಗೈಡ್ ಸಾಕೇ, ಎರಡು ಬೇಕೇ?

ಕಿಟಕಿಕೆಲಸ

ಎಲ್ಲರಿಗೂ ನಮಸ್ಕಾರ. ತೇಗದ ಕಿಟಕಿ ಬಾಗಿಲುಗಳಿಗೆ ರೌಟರ್‌ನಿಂದ (ತಿರುಗುವ ಬಿಟ್, ಅಂದರೆ ಅಲಗು, ಮರ ಕೊಯ್ಯುವ ಕೈಯಂತ್ರ) ಮಾರ್ಟೀಸ್ ತೂತು, ಅಂದರೆ ಅಡ್ಡಪಟ್ಟಿಯ ತುದಿಯ ನಾಲಿಗೆ (ಟೆನನ್) ಕೂರುವ ತೂತು, ಹೊಡೆಯಬೇಕಿದೆ. ಅಂಗಡಿಯಲ್ಲಿ ಒಂದೂವರೆ ಇಂಚು ಎಂದು ಕೊಟ್ಟ ಮರ, ಹತ್ತರಿ ಹೊಡೆದ ಮೇಲೆ ನಿಲುವು ಪಟ್ಟಿ 35 ಮಿ.ಮೀ. ದಪ್ಪ, 90 ಮಿ.ಮೀ. ಅಗಲ ಉಳಿದಿದೆ. ತೂತು ಬೀಳಬೇಕಾದ್ದು 35ರ ಅಂಚಿನಲ್ಲಿ: 12 ಅಗಲ, 40 ಆಳ, 65 ಉದ್ದ. ರೌಟರ್ ಪ್ಲಂಜ್ ಮಾದರಿಯದು (ಓಡುತ್ತಿರುವಾಗಲೇ ಬಿಟ್ ಕೆಳಗಿಳಿಸಬಹುದು), ಬೇಸ್ (ಮರದ ಮೇಲೆ ಕೂರುವ ತಳ) 160 ಮಿ.ಮೀ. ದುಂಡಗೆ, ಗೈಡಿನ ಸರಳು ಹೋಗುವ ತೂತು 8 ಮಿ.ಮೀ. ಪೆಟ್ಟಿಗೆಯ ಜೊತೆ ಒಂದೇ ಎಡ್ಜ್ ಗೈಡ್ (ಮರದ ಬದಿಗೆ ಒರಗಿ ರೌಟರನ್ನು ನೇರ ಓಡಿಸುವ ಪಟ್ಟಿ) ಬಂದಿದೆ.

160ರ ಬೇಸ್ 35ರ ಅಂಚಿನ ಮೇಲೆ ಕೂತರೆ ಎರಡೂ ಕಡೆ 62 ಮಿ.ಮೀ. ಗಾಳಿಯಲ್ಲಿ ಇರುತ್ತದೆ. ಒಂದೇ ಗೈಡ್‌ನಲ್ಲಿ ಇದನ್ನು ನೆಟ್ಟಗೆ ನಿಲ್ಲಿಸುವ ದಾರಿ ಇದೆಯೇ? ಎರಡನೆಯ ಗೈಡ್ ಕೊಳ್ಳುವುದೋ, ಮರದಲ್ಲೇ ಮಾಡಿಕೊಳ್ಳುವುದೋ? ಅಳತೆ ಸಮೇತ ಹೇಳಿದರೆ ಉಪಕಾರ.

ಅರ್ಧನೂಲು

ಸರ್, ಇಲ್ಲಿ ಎರಡು ತೊಂದರೆ ಇವೆ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಒಂದು, ಬಿಟ್ ಗೆರೆ ಬಿಟ್ಟು ಪಕ್ಕಕ್ಕೆ ಹೋಗುವುದು. ಇನ್ನೊಂದು, ರೌಟರ್ ವಾಲುವುದು. ಒಂದು ಗೈಡ್ ಮೊದಲನೆಯದನ್ನು ತಡೆಯುತ್ತದೆ, ಅದೂ ಒಂದೇ ಕಡೆಗೆ. ವಾಲುವುದನ್ನು ಅದು ಹೆಚ್ಚುಕಡಿಮೆ ತಡೆಯುವುದೇ ಇಲ್ಲ, ಏಕೆಂದರೆ ಪೆಟ್ಟಿಗೆಯ ಜೊತೆ ಬರುವ ಗೈಡಿನ ಪಟ್ಟಿ ಬೇಸ್‌ಗಿಂತ ಕೆಳಗೆ ಇಳಿಯುವುದು ಹೆಚ್ಚೆಂದರೆ 15 ಮಿ.ಮೀ.

ಲೆಕ್ಕ ನೋಡಿ. ರೌಟರ್ ಬರೀ 1 ಡಿಗ್ರಿ ವಾಲಿದರೂ 40 ಮಿ.ಮೀ. ಆಳದಲ್ಲಿ ಬಿಟ್‌ನ ತುದಿ 0.7 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ತೂತಿನ ಬಾಯಿ 12 ಇದ್ದು ತಳ 12.7 ಆದರೆ ಟೆನನ್ ಬಾಯಲ್ಲಿ ಬಿಗಿ, ಒಳಗೆ ಸಡಿಲ. ಅಂಟು ತಳದಲ್ಲಿ ಹಿಡಿಯುವುದಿಲ್ಲ. ಎರಡೂ ಕಡೆ ಗೈಡ್ ಇದ್ದು, ಪಟ್ಟಿ 40 ಮಿ.ಮೀ. ಕೆಳಗಿಳಿದು, ಮರಕ್ಕೂ ಗೈಡ್‌ಗೂ 0.2 ಮಿ.ಮೀ. ಸಂದು ಇದ್ದರೆ ಹೆಚ್ಚೆಂದರೆ 0.3 ಡಿಗ್ರಿ ವಾಲಬಹುದು. ಅದೇ ಸಂದು, ಪಟ್ಟಿ ಮಾತ್ರ 15 ಎತ್ತರ ಅಂದರೆ 0.76 ಡಿಗ್ರಿ. ಹಾಗಾಗಿ ಗೈಡ್ ಎರಡಾದರಷ್ಟೇ ಸಾಲದು, ಎತ್ತರವೂ ಬೇಕು.

ಉದ್ದವೂ ಬೇಕು. 320 ಮಿ.ಮೀ. ಉದ್ದದ ಪಟ್ಟಿ ಹಾಕಿದರೆ ನಿಲುವು ಪಟ್ಟಿಯ ತುದಿಯಲ್ಲಿ ಬೇಸ್ ಅರ್ಧ ಹೊರಗೆ ಹೋದಾಗಲೂ ಇನ್ನರ್ಧ ಗೈಡ್ ಮರಕ್ಕೆ ಅಂಟಿಕೊಂಡೇ ಇರುತ್ತದೆ.

ಗಂಡುಮೆಟ್ಟಿನ_ಬಡಗಿ

ಅರ್ಧನೂಲು ಅವ್ರು ಹೇಳಿದ್ದು ಖರೇ ಐತ್ರಿ. ಆದ್ರ ಎರಡನೇ ಗೈಡ್ ಮಾಡೂಕಿಂತ ಮೊದಲು ದಿಕ್ಕು ಸರಿ ಹಿಡೀರಿ. ಮ್ಯಾಲಿಂದ ನೋಡಿದ್ರ ಬಿಟ್ ಗಡಿಯಾರದ ಮುಳ್ಳಿನ ಕಡೆ ತಿರಗತೈತಿ. ನೀವು ರೌಟರ್ ಮುಂದಕ್ಕ ನೂಕಿದಾಗ ಬಿಟ್‌ನ ಮುಂದಿನ ಬಾಯಿ ಮರಾನ ಬಲಕ್ಕ ತಳ್ಳತೈತಿ, ಅದಕ್ಕ ರೌಟರ್ ಎಡಕ್ಕ ಜಗ್ಗತೈತಿ. ಗೈಡ್ ನಿಮ್ಮ ಬಲಗೈ ಕಡೆ ಇದ್ರ ಆ ಜಗ್ಗಾಟ ಗೈಡ್‌ನ ಮರಕ್ಕ ಒತ್ತತೈತಿ. ಎಡಕ್ಕ ಇದ್ರ ಗೈಡ್ ಮರ ಬಿಟ್ಟು ಹೊರಗ ಹೊಂಟು ಹೋಗತೈತಿ, ತೂತು ಡೊಂಕು.

ಒಂದ ಗೈಡ್ ಇದ್ದಾಗ ನೂಕೂವಾಗಷ್ಟ ಕೊಯ್ರಿ. ವಾಪಸ್ ತರೂವಾಗ ಬಿಟ್ ಮ್ಯಾಲೆತ್ತಿ ತರ್ರಿ. ಹಿಂದಕ್ಕ ಎಳೀತಾ ಕೊಯ್ದ್ರ ಅದ ಗೈಡ್ ಮರ ಬಿಡತೈತಿ. ಎರಡು ಗೈಡ್ ಇದ್ರ ಎರಡೂ ದಿಕ್ಕಿಗೆ ಕೊಯ್ಯಬಹುದು, ಆದ್ರೂ ಕಡೇ ಒಂದು ಸವರಾಟ ನೂಕೂ ದಿಕ್ಕಿನಾಗ ಮುಗಿಸ್ರಿ.

ಕರಾವಳಿ_ಮರ

ಮರದ ಮೇಲೆ ನೇರ ಪಟ್ಟಿ ಕ್ಲಾಂಪ್ ಮಾಡಿ ಅದಕ್ಕೆ ಬೇಸ್ ಒರಗಿಸಿ ಓಡಿಸುವಾಗ ಇದು ಉಲ್ಟಾ, ಅದನ್ನೂ ಹೇಳಿಬಿಡುವ. ಆಗ ಪಟ್ಟಿ ಎಡಗೈ ಕಡೆ ಇರಬೇಕು. ರೌಟರ್ ಜಗ್ಗುವುದು ಅದೇ ಎಡಕ್ಕೇ, ಬೇಸ್ ಪಟ್ಟಿಗೆ ಒರಗುತ್ತದೆ. ಇವೆರಡನ್ನು ಹಲವರು ಕಲಸಿಕೊಳ್ಳುವುದುಂಟು.

ಕಿಟಕಿಕೆಲಸ

ಧನ್ಯವಾದ. ಹಾಗಾದರೆ ಎರಡನೆಯ ಗೈಡ್ ಬೇಕೇ ಬೇಕು ಎಂದಾಯಿತು. ಅದೇ ಮಾದರಿಯ ಬಿಡಿ ಗೈಡ್ ಕೊಂಡು ಇನ್ನೊಂದು ಬದಿಯಿಂದ ಸೇರಿಸಿದರೆ ಆಯಿತೇ?

ಹತ್ತರಿಪುಡಿ

ಕೊಳ್ಳುವ ಮುಂಚೆ ಸರಳಿನ ಉದ್ದ ಅಳೆಯಿರಿ. ಬೇಸ್ 160, ಎರಡೂ ಬದಿ ಗೈಡ್ ಕೂರಲು 60-60, ಅಂದರೆ ಕನಿಷ್ಠ 280. ಪೆಟ್ಟಿಗೆಯ ಜೊತೆ ಬರುವ ಸರಳು ಸಾಮಾನ್ಯವಾಗಿ ಇಷ್ಟು ಉದ್ದ ಇರುವುದಿಲ್ಲ. ಎರಡು ಬದಿಯಿಂದ ಎರಡು ಜೋಡಿ ಗಿಡ್ಡ ಸರಳು ಹಾಕೋಣವೆಂದರೆ ಬೇಸ್ ಒಳಗೆ ಅವು ಎದುರಾಗಿ ಮುಟ್ಟಿಕೊಂಡು ಗೈಡ್ ಬೇಕಾದಷ್ಟು ಒಳಗೆ ಬರುವುದಿಲ್ಲ. ಕಬ್ಬಿಣದ ಅಂಗಡಿಯಲ್ಲಿ 8 ಮಿ.ಮೀ. ಬ್ರೈಟ್ ಬಾರ್ (ನಯವಾದ ದುಂಡು ಉಕ್ಕಿನ ಸರಳು) ಕೇಳಿ, 400 ಮಿ.ಮೀ. ಉದ್ದದ ಎರಡು ತುಂಡು ಸಾಕು. ಕಟ್ಟಡದ ಸಾದಾ ಕಂಬಿ ಬೇಡ, ಅದು ದುಂಡಗೂ ಇರದು, ನೇರವೂ ಇರದು. ಹೋಗುವಾಗ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಒಯ್ದು ಅಳೆಯಿರಿ. ನಿಮ್ಮ ಬೇಸ್‌ನ ತೂತು 8 ಎಂದಿದ್ದೀರಿ. 10 ಅಥವಾ 12 ಇರುವ ರೌಟರ್‌ಗಳೂ ಇವೆ, ಬೇರೆಯವರು ನೋಡಿಕೊಳ್ಳಲಿ. ಕತ್ತರಿಸಿದ ತುದಿಯ ಚೂಪನ್ನು ಅರದಿಂದ ಸವರಿ, ಇಲ್ಲದಿದ್ದರೆ ಬೇಸ್‌ನ ಅಲ್ಯೂಮಿನಿಯಂ ಗೀರಿಹೋಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಕೆಲಸದಲ್ಲಿ ಗೈಡಿನ ಮುಖ ಬಿಟ್‌ನ ನಡುವಿನಿಂದ ಬರೀ 17.5 ಮಿ.ಮೀ. ದೂರ ನಿಲ್ಲಬೇಕು. ಅಂದರೆ ಅದು ಬೇಸ್‌ನ ಅಡಿಗೆ ಪೂರ್ತಿ ನುಗ್ಗಬೇಕು. ಕೆಲವು ಗೈಡ್‌ಗಳ ಮೈ ಬೇಸ್‌ನ ಅಂಚಿಗೇ ತಾಗಿ ಅಷ್ಟು ಒಳಗೆ ಬರುವುದಿಲ್ಲ. ಆಗ ಗೈಡ್‌ಗೆ ಒಂದು ಮರದ ಪಟ್ಟಿ ಸ್ಕ್ರೂ ಮಾಡಿ ಮುಂದಕ್ಕೆ ಚಾಚಬೇಕಾಗುತ್ತದೆ. ಅಷ್ಟೆಲ್ಲ ಮಾಡುವುದಾದರೆ ಸರಳು ಬಿಟ್ಟು ಬೇಸ್‌ಗೇ ಒಂದು ಹಲಗೆ ಕಟ್ಟುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅರ್ಧನೂಲು

ಹತ್ತರಿಪುಡಿ ಅವರ ಹಲಗೆಯ ದಾರಿ ಒಳ್ಳೆಯದು. ಅಳತೆ ಸಮೇತ ಬರೆಯುತ್ತೇನೆ.

ಹಲಗೆ: 320 ಉದ್ದ, 180 ಅಗಲ. 6 ಮಿ.ಮೀ. ಹೈಲಂ ಶೀಟ್ (ರಾಳ ಸೇರಿಸಿ ಒತ್ತಿದ ಗಟ್ಟಿ ಹಾಳೆ) ಸಿಕ್ಕರೆ ಅದೇ ಉತ್ತಮ. 10 ಮಿ.ಮೀ. ಅಕ್ರಿಲಿಕ್ ಅಥವಾ 12 ಮಿ.ಮೀ. ಪ್ಲೈವುಡ್ ಕೂಡ ನಡೆಯುತ್ತದೆ, ಆದರೆ ಹಲಗೆ ಎಷ್ಟು ದಪ್ಪವೋ ಅಷ್ಟು ಬಿಟ್ ನಷ್ಟ. 40 ಆಳದ ತೂತಿಗೆ 12ರ ಪ್ಲೈ ಹಾಕಿದರೆ ಬಿಟ್ ಬೇಸ್‌ನಿಂದ 52 ಹೊರಗೆ ಚಾಚಬೇಕು. ಹೈಲಂನಲ್ಲಿ 46 ಸಾಕು.

ಬೇಸ್ ಕೆಳಗಿರುವ ಕಪ್ಪು ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಅದನ್ನೇ ಅಚ್ಚಾಗಿ ಇಟ್ಟು ಸ್ಕ್ರೂ ತೂತುಗಳನ್ನು ಗುರುತಿಸಿ. ಸ್ಕ್ರೂ ತಲೆ ಮುಳುಗುವಂತೆ ಕೌಂಟರ್‌ಸಿಂಕ್ ಮಾಡಿ. ತಲೆ ಒಂದು ಕೂದಲಿನಷ್ಟು ಮೇಲೆದ್ದರೂ ಮರಕ್ಕೆ ಗೀರು ಬೀಳುತ್ತದೆ. ಹಳೆಯ ಸ್ಕ್ರೂ ಗಿಡ್ಡವಾದರೆ ಅದೇ ಮರೆಯ (ಸುರುಳಿ ಎಳೆಯ), ಹೊಸ ಹಲಗೆಯ ದಪ್ಪಕ್ಕೆ ತಕ್ಕಷ್ಟು ಉದ್ದದ್ದು ತನ್ನಿ. ಬಿಟ್ ಹೋಗಲು ನಡುವೆ 40 ಮಿ.ಮೀ. ತೂತು. ಕಡಿಮೆ ಮಾಡಬೇಡಿ, ಪುಡಿ ಹೊರಬರಲು ಮತ್ತು ಗೆರೆ ಕಾಣಲು ಅಷ್ಟು ಬೇಕು.

ಗೈಡ್ ಪಟ್ಟಿ: ಎರಡು, 320 ಉದ್ದ, 40 ಎತ್ತರ, 22 ದಪ್ಪ. ಚೆನ್ನಾಗಿ ಒಣಗಿದ ತೇಗ ಸಾಕು. ಹಲಗೆಗೆ ಮುಟ್ಟುವ ಮೈಗೂ ಮರಕ್ಕೆ ಒರಗುವ ಮೈಗೂ ಮೂಲೆಮಟ್ಟ ಹಿಡಿದು ನೋಡಿ, ಬೆಳಕು ಕಾಣಬಾರದು. ಆ ಮೂಲೆ 90 ಇಲ್ಲದಿದ್ದರೆ ಎರಡು ಗೈಡ್ ಹಾಕಿದ ಉದ್ದೇಶವೇ ಹಾಳು.

ಸೀಳು: ಹಲಗೆಯ ಎರಡೂ ತುದಿಯಿಂದ 30 ಮಿ.ಮೀ. ಒಳಗೆ, ಅಡ್ಡಕ್ಕೆ, 6.5 ಅಗಲ 50 ಉದ್ದದ ಸೀಳುಗಳು, ಪ್ರತಿ ಪಟ್ಟಿಗೆ ಎರಡು. ಅಲ್ಲಿಂದ ರೌಟರ್ ನಡುವಿಗೆ 130 ದೂರ, ಬೇಸ್‌ನ ಅರೆವ್ಯಾಸ 80. ಹಾಗಾಗಿ ರೆಕ್ಕೆ ನಟ್ ತಿರುಗಿಸಲು ಕೈಗೆ ಜಾಗ ಉಳಿಯುತ್ತದೆ. 6 ಮಿ.ಮೀ. ಬೋಲ್ಟ್‌ನ ತಲೆ ಪಟ್ಟಿಯ ಅಡಿಯಲ್ಲಿ ಮುಳುಗಿರಲಿ, ಮೇಲೆ ಅಗಲ ವಾಷರ್, ಸ್ಪ್ರಿಂಗ್ ವಾಷರ್, ಆಮೇಲೆ ರೆಕ್ಕೆ ನಟ್. ಸ್ಪ್ರಿಂಗ್ ವಾಷರ್ ಬಿಡಬೇಡಿ. ರೌಟರ್‌ನ ಕಂಪನಕ್ಕೆ ಸಾದಾ ನಟ್ ತಾನಾಗಿ ಸಡಿಲಗೊಳ್ಳುತ್ತದೆ, ಗೈಡ್ ಅರ್ಧ ಮಿ.ಮೀ. ಸರಿದದ್ದು ತೂತು ಮುಗಿದ ಮೇಲೆಯೇ ಗೊತ್ತಾಗುವುದು.

ಕರಾವಳಿ_ಮರ

ಇದನ್ನು ಹೊಂದಿಸುವ ಕ್ರಮ ಹೇಳುತ್ತೇನೆ, ಏಕೆಂದರೆ ಎರಡು ಗೈಡ್‌ನ ಸೆಟ್ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಒಂದೇ ಗೈಡ್ ಇರುವಾಗ ಅದು ಸ್ವಲ್ಪ ಓರೆಯಾಗಿದ್ದರೂ ತೊಂದರೆ ಇಲ್ಲ. ರೌಟರ್ ಅಷ್ಟೇ ಓರೆಯಾಗಿ ಓಡುತ್ತದೆ, ಬಿಟ್‌ಗೂ ಗೈಡ್‌ಗೂ ಇರುವ ದೂರ ಬದಲಾಗುವುದಿಲ್ಲ. ಎರಡಾದರೆ ಹಾಗಲ್ಲ, ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಒಂದು ತುದಿ ಬಿಗಿ, ಇನ್ನೊಂದು ತುದಿ ಸಡಿಲ. ಬಿಗಿಯಾದಲ್ಲಿ ರೌಟರ್ ನಿಂತುಬಿಡುತ್ತದೆ, ನಿಂತ ಜಾಗದಲ್ಲಿ ಮರ ಸುಡುತ್ತದೆ.

ಮೊದಲು ಮರದ ಮುಖದ ಬದಿಗೆ, ಅಂದರೆ ಬಾಗಿಲು ಜೋಡಿಸಿದಾಗ ಹೊರಗೆ ಕಾಣುವ ಬದಿಗೆ, ಪೆನ್ಸಿಲ್ ಗುರುತು ಹಾಕಿ. ಗೈಡ್ ಒಂದನ್ನು ಆ ಬದಿಗೆ ಹೊಂದಿಸಿ: ಬಿಟ್‌ನ ಹಲ್ಲಿನ ಹೊರ ಅಂಚಿನಿಂದ ಗೈಡ್‌ಗೆ 11.5 ಮಿ.ಮೀ. 35ರಲ್ಲಿ 12 ಕಳೆದು ಅರ್ಧ ಮಾಡಿದರೆ ಬರುವುದು ಅಷ್ಟೇ. ಅದನ್ನು ಬಿಗಿ ಮಾಡಿ. ಇನ್ನು ಅದನ್ನು ಮುಟ್ಟಬೇಡಿ. ಆಮೇಲೆ ಅದೇ ನಿಲುವು ಪಟ್ಟಿಯ ತುಂಡನ್ನು ಎರಡರ ನಡುವೆ ಇಟ್ಟು, ಎರಡನೆಯ ಬದಿಗೆ ಒಂದು ಪದರ ಸಾದಾ ಝೆರಾಕ್ಸ್ ಕಾಗದ ಸೇರಿಸಿ ಎರಡನೆಯ ಗೈಡ್ ಒತ್ತಿ ಬಿಗಿ ಮಾಡಿ. ಕಾಗದ ಸುಮಾರು 0.1 ಮಿ.ಮೀ. ದಪ್ಪ. ಅದನ್ನು ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಸ್ಕೇಲ್ ಹಿಡಿದು ಎರಡನೆಯ ಗೈಡ್ ಹೊಂದಿಸಲು ಹೋಗಬೇಡಿ, ಮರವೇ ಅಳತೆ.

ಬಿಟ್ ಇಲ್ಲದೆ ಒಮ್ಮೆ ಉದ್ದಕ್ಕೂ ಓಡಿಸಿ ನೋಡಿ. ಎಲ್ಲಿಯಾದರೂ ತಡೆದರೆ ಆ ಜಾಗದಲ್ಲಿ ಮರ ದಪ್ಪ ಇದೆ ಎಂದರ್ಥ. ಗೈಡ್ ಸಡಿಲಿಸಬೇಡಿ, ಮರಕ್ಕೇ ಒಂದು ಹತ್ತರಿ ಹೊಡೆಯಿರಿ. ಗೈಡ್‌ನ ಒಳಮೈಗೆ ಮೇಣದ ಬತ್ತಿ ಉಜ್ಜಿದರೆ ನುಣ್ಣಗೆ ಓಡುತ್ತದೆ. ಎಣ್ಣೆ, ಸಿಲಿಕಾನ್ ಸ್ಪ್ರೇ ಯಾವುದೂ ಬೇಡ, ಆಮೇಲೆ ಪಾಲಿಶ್ ಹಿಡಿಯುವುದಿಲ್ಲ.

ಮೂಲೆಮಟ್ಟ

ಇಷ್ಟೆಲ್ಲ ಹೊಂದಾಣಿಕೆಯ ಬದಲು ತಾನಾಗಿ ನಡುವಿಗೆ ಬರುವ ಹಲಗೆ ಮಾಡಬಹುದಲ್ಲ? ಬಿಟ್‌ನ ನಡುವಿನಿಂದ ಎರಡೂ ಕಡೆ 50 ಮಿ.ಮೀ. ದೂರದಲ್ಲಿ ಒಂದೊಂದು 8 ಮಿ.ಮೀ. ಬೋಲ್ಟ್, ಅದಕ್ಕೆ 608 ಬೇರಿಂಗ್. ರೌಟರ್ ಇಟ್ಟು ತಿರುಗಿಸಿದರೆ ಒಂದು ಬೇರಿಂಗ್ ಆ ಬದಿಗೆ, ಇನ್ನೊಂದು ಈ ಬದಿಗೆ ತಾಗಿ ನಿಲ್ಲುತ್ತದೆ. ಬಿಟ್ ಸರಿಯಾಗಿ ನಡುವೆ. 608ರ ಹೊರವ್ಯಾಸ 22, ಹಾಗಾಗಿ 100ರ ಅಂತರದಲ್ಲಿ 78 ಮಿ.ಮೀ. ದಪ್ಪದವರೆಗೆ ಯಾವ ಮರಕ್ಕೂ ಅದೇ ಹಲಗೆ ನಡೆಯುತ್ತದೆ. ಪ್ರತಿ ಸಲ ಹೊಂದಿಸುವ ಕೆಲಸವೇ ಇಲ್ಲ.

ಅರ್ಧನೂಲು

ಮೇಜಿನ ಕಾಲಿಗೆ, ಬಿಡಿ ಟೆನನ್ (ಬೇರೆಯಾಗಿ ಮಾಡಿ ಎರಡೂ ಕಡೆಯ ತೂತಿಗೆ ಕೂರಿಸುವ ತುಂಡು) ಹಾಕುವ ಸಣ್ಣ ಪೆಟ್ಟಿಗೆ ಕೆಲಸಕ್ಕೆ ಅದು ಸೊಗಸಾಗಿದೆ. ಕಿಟಕಿ ಬಾಗಿಲಿಗೆ ನಾನು ಅದನ್ನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ.

ಬೇರಿಂಗ್ ಹಲಗೆ ತೂತನ್ನು ಮರದ ನಡುವಿಗೆ ಇಡುತ್ತದೆ. ನಮಗೆ ಬೇಕಾದ್ದು ಮುಖದ ಬದಿಯಿಂದ ಒಂದೇ ದೂರ. ನಿಲುವು ಪಟ್ಟಿ 35.0 ಇದ್ದು ಅಡ್ಡಪಟ್ಟಿ 34.5 ಇದ್ದರೆ ನಡುವು 0.25 ಮಿ.ಮೀ. ಸರಿಯುತ್ತದೆ. ಜೋಡಿಸಿದಾಗ ಎರಡೂ ಮುಖದಲ್ಲಿ ಕಾಲು ಮಿ.ಮೀ. ಮೆಟ್ಟಿಲು. ಮುಖದ ಬದಿಗೇ ಒರಗಿಸಿ ಕೊಯ್ದರೆ ಮುಂದಿನ ಮುಖ ಸಮ, ವ್ಯತ್ಯಾಸವೆಲ್ಲ ಹಿಂದಿನ ಮುಖಕ್ಕೆ ಹೋಗುತ್ತದೆ, ಅಲ್ಲಿ ಹತ್ತರಿ ಹೊಡೆಯಬಹುದು. ಗಿರಣಿಯಲ್ಲಿ ಸೀಳಿದ ಮರಕ್ಕೆ ಅರ್ಧ ಮಿ.ಮೀ. ವ್ಯತ್ಯಾಸ ಸಾಮಾನ್ಯ.

ಎರಡನೆಯದು, ಬೇರಿಂಗ್ ಮುಟ್ಟುವುದು ಒಂದು ಗೆರೆಯಷ್ಟು ಜಾಗದಲ್ಲಿ. 608ರ ಅಗಲ 7 ಮಿ.ಮೀ. ಮಾತ್ರ. ವಾಲುವುದಕ್ಕೆ ಅದು ತಡೆಯೇ ಅಲ್ಲ. ತೂತಿನ ಉದ್ದಕ್ಕೂ ರೌಟರನ್ನು ತಿರುಚಿ ಹಿಡಿದೇ ಓಡಿಸಬೇಕು. ಕೈ ಸಡಿಲವಾದರೆ ಬಿಟ್ ನಡು ಬಿಡುತ್ತದೆ.

ಮೂಲೆಮಟ್ಟ

ಮುಖದ ಬದಿಯ ಮಾತು ಒಪ್ಪಿದೆ. ವಾಲುವುದರ ವಿಷಯದಲ್ಲಿ, ಒಂದೊಂದು ಬೋಲ್ಟ್‌ಗೆ ಎರಡೆರಡು ಬೇರಿಂಗ್, ನಡುವೆ 15 ಮಿ.ಮೀ. ಬುಶ್ (ಬೋಲ್ಟ್ ಸುತ್ತ ಕೂರುವ ಕೊಳವೆ ತುಂಡು) ಹಾಕಿದರೆ ಸುಮಾರು 29 ಮಿ.ಮೀ. ಎತ್ತರದ ಆಸರೆ ಸಿಗುತ್ತದೆ. ಆದರೂ ಪಟ್ಟಿಯಷ್ಟು ಆಗದು, ಸರಿ.

ಮಾಡುವವರಿಗೆ ಒಂದು ಪರೀಕ್ಷೆ: ಬಿಟ್ ನಿಜಕ್ಕೂ ನಡುವೆ ಇದೆಯೇ ಎಂದು ನೋಡಲು ಪರೀಕ್ಷೆಯ ತುಂಡಿನಲ್ಲಿ ಒಂದು ಸಲ ಕೊಯ್ದು, ರೌಟರನ್ನು 180 ಡಿಗ್ರಿ ತಿರುಗಿಸಿ ಅದೇ ತೂತಿನಲ್ಲಿ ಇನ್ನೊಮ್ಮೆ ಓಡಿಸಿ. 12ರ ಬಿಟ್‌ನ ತೂತು 12.4 ಆದರೆ ನಡುವು 0.2 ತಪ್ಪಿದೆ. ಹೆಚ್ಚಾದ ಅಗಲದ ಅರ್ಧವೇ ತಪ್ಪು. ಎರಡು ಪಟ್ಟಿಯ ಗೈಡ್‌ಗೂ ಇದೇ ಪರೀಕ್ಷೆ ನಡೆಯುತ್ತದೆ.

ಗಂಡುಮೆಟ್ಟಿನ_ಬಡಗಿ

ಹೊಸದೇನೂ ಮಾಡದ ಒಂದ ಗೈಡ್‌ನಾಗ ಮುಗಿಸೂ ದಾರೀನೂ ಐತ್ರಿ. ಆಸರೆ ಅಗಲ ಮಾಡೂದು. ನಿಲುವು ಪಟ್ಟಿಗೆ ಎರಡೂ ಕಡೆ 45 ಮಿ.ಮೀ. ದಪ್ಪದ ನೇರ ರೀಪು ಇಟ್ಟು, ಮೂರೂ ಅಂಚು ಒಂದ ಮಟ್ಟಕ್ಕ ತಂದು ವೈಸ್‌ನಾಗ ಬಿಗೀರಿ. 125 ಅಗಲದ ಜಾಗ ಆತು, 160ರ ಬೇಸ್ ಅಲ್ಲಾಡೂದಿಲ್ಲ. ಗೈಡ್ ಹೊರಗಿನ ರೀಪಿಗೆ ಒರಗಿ ಓಡತೈತಿ. ಗೈಡಿಂದ ಬಿಟ್‌ನ ಅಂಚಿಗೆ 45 ಮತ್ತು 11.5, ಅಂದ್ರ 56.5.

ಇದರಾಗ ಎರಡು ಲಕ್ಷ್ಯ ಇಡ್ರಿ. ಗೈಡ್ ಓಡೂ ರೀಪಿನ ದಪ್ಪ ಉದ್ದಕ್ಕೂ ಒಂದ ಇರಬೇಕು, ಅದರ ಡೊಂಕು ಹಂಗ ತೂತಿಗೆ ಬರತೈತಿ. ಆ ರೀಪು ಯಾವತ್ತೂ ಮುಖದ ಬದಿಗೇ ಇರಲಿ. ಮತ್ತ ರೀಪು ನಿಲುವು ಪಟ್ಟಿಗಿಂತ ಮ್ಯಾಲೆ ಬರಬಾರದು. ಅರ್ಧ ಮಿ.ಮೀ. ಕೆಳಗಿದ್ರ ನಡೀತೈತಿ, ಮ್ಯಾಲಿದ್ರ ಬೇಸ್ ಓರೆ ಕೂಡತೈತಿ.

ಹತ್ತರಿಪುಡಿ

ಎರಡು ನಿಲುವು ಪಟ್ಟಿಗಳನ್ನೇ ಬೆನ್ನಿಗೆ ಬೆನ್ನು ಸೇರಿಸಿ, ಮುಖದ ಬದಿ ಹೊರಗೆ ಮಾಡಿ ಬಿಗಿದರೂ 70 ಮಿ.ಮೀ. ಆಸರೆ ಸಿಗುತ್ತದೆ. ಒಂದಕ್ಕೆ ಹೊಡೆದು, ಸುತ್ತಿ ಬಂದು ಇನ್ನೊಂದು ತುದಿಯಿಂದ ಎರಡನೆಯದಕ್ಕೆ. ಗೈಡ್ ಎರಡು ಸಲವೂ ಬಲಗೈಗೇ ಬರುತ್ತದೆ, ಎರಡು ಸಲವೂ ಮುಖದ ಬದಿಗೇ ಒರಗುತ್ತದೆ. ಆದರೆ ಇಲ್ಲಿ ಗೈಡ್ ಇರುವ ಕಡೆ ಬೇಸ್ ಇನ್ನೂ 62 ಮಿ.ಮೀ. ಹೊರಗಿದೆ, ಹಾಗಾಗಿ ಕೈಯ ಭಾರವೆಲ್ಲ ಎಡ ಹಿಡಿಯ ಮೇಲೆ ಇರಲಿ. ಬಲ ಹಿಡಿ ಬರೀ ದಾರಿ ತೋರಿಸಲು. ಜೋಡಿ ಪಟ್ಟಿಗೆ ತೂತಿನ ಗುರುತನ್ನೂ ಒಟ್ಟಿಗೇ ಎಳೆಯಬಹುದು, ಎಡ-ಬಲ ತಪ್ಪುವುದಿಲ್ಲ.

ಕಿಟಕಿಕೆಲಸ

ತುಂಬಾ ಉಪಯೋಗವಾಯಿತು. ಹೈಲಂ ಹಲಗೆಯ ದಾರಿಯನ್ನೇ ಹಿಡಿಯುತ್ತೇನೆ. ಕೊಯ್ಯುವ ಕ್ರಮ ಹೇಗೆ? ಒಂದು ಸಲಕ್ಕೆ ಎಷ್ಟು ಆಳ? ನಿಲುವು ಪಟ್ಟಿಯ ತುದಿಗೆ 25 ಮಿ.ಮೀ. ಹತ್ತಿರದಲ್ಲೇ ಒಂದು ತೂತು ಬರುತ್ತದೆ, ಅಲ್ಲಿ ಹೇಗೆ?

ಕರಾವಳಿ_ಮರ

ತುದಿಯ ವಿಷಯ ಮೊದಲು. ನಿಲುವು ಪಟ್ಟಿಯನ್ನು ಎರಡೂ ತುದಿಯಲ್ಲಿ 30 ಮಿ.ಮೀ. ಹೆಚ್ಚು ಉದ್ದ ಬಿಡಿ. ಬಾಗಿಲು ಜೋಡಿಸಿ ಅಂಟು ಒಣಗಿದ ಮೇಲೆ ಕತ್ತರಿಸಿ. ರೌಟರ್‌ಗೆ ಕೂರಲು ಜಾಗ ಸಿಗುತ್ತದೆ, ಟೆನನ್ ಬಡಿಯುವಾಗ ತುದಿ ಸೀಳುವುದೂ ಇಲ್ಲ. ಈಗಾಗಲೇ ಅಳತೆಗೆ ಕತ್ತರಿಸಿಬಿಟ್ಟಿದ್ದರೆ ಅದೇ 35 ದಪ್ಪದ ತುಂಡೊಂದನ್ನು ತುದಿಗೆ ತಾಗಿಸಿ, ಮುಖದ ಬದಿ ಸಮ ಮಾಡಿ ಬಿಗಿಯಿರಿ.

ವೈಸ್‌ನಲ್ಲಿ ಹಿಡಿಯುವಾಗ ಮರ ದವಡೆಗಿಂತ ಕನಿಷ್ಠ 50 ಮಿ.ಮೀ. ಮೇಲಿರಲಿ: ಗೈಡ್ ಪಟ್ಟಿ 40 ಇಳಿಯುತ್ತದೆ, 10 ಪುಡಿ ಬೀಳಲು. ಪಟ್ಟಿ ದವಡೆಗೆ ತಾಗಿದರೆ ರೌಟರ್ ಮರದ ಮೇಲಿಂದ ಎದ್ದುಬಿಡುತ್ತದೆ, ಆಳ ಕಡಿಮೆ ಬೀಳುತ್ತದೆ. ಉದ್ದದ ಪಟ್ಟಿಗೆ ಎರಡೂ ತುದಿಯಲ್ಲಿ ಆಸರೆ ಕೊಡಿ, ನಡುವೆ ಮಾತ್ರ ಹಿಡಿದರೆ ತುದಿ ನಡುಗುತ್ತದೆ.

ಇನ್ನು ಕೊಯ್ಯುವುದು:

1. ತೂತಿನ ಎರಡು ತುದಿಯನ್ನು ಚಾಕುವಿನಿಂದ ಗೀರಿ. ಹಲಗೆಯ ಎರಡೂ ತುದಿಗೆ ತಡೆತುಂಡು ಮರಕ್ಕೇ ಕ್ಲಾಂಪ್ ಮಾಡಿ. ಎರಡು ತಡೆತುಂಡುಗಳ ನಡುವಿನ ಅಂತರ: ಹಲಗೆಯ ಉದ್ದ 320, ಅದಕ್ಕೆ ತೂತಿನ ಉದ್ದ 65 ಸೇರಿಸಿ ಬಿಟ್‌ನ 12 ಕಳೆಯಿರಿ. 373 ಮಿ.ಮೀ.
2. ಆಳದ ತಡೆ 42ಕ್ಕೆ. ಟೆನನ್ 40 ಇರಲಿ, 2 ಮಿ.ಮೀ. ಅಂಟಿಗೆ.
3. ಮೊದಲು ಎರಡೂ ತುದಿಯಲ್ಲಿ ನೆಟ್ಟಗೆ ಪೂರ್ತಿ ಆಳಕ್ಕೆ ಇಳಿಸಿ. ಒಂದೇ ಸಲ ಒತ್ತಬೇಡಿ, ಇಳಿಸಿ ಎತ್ತಿ, ಇಳಿಸಿ ಎತ್ತಿ.
4. ನಡುವಿನದನ್ನು ಒಂದು ಸಲಕ್ಕೆ 4 ಮಿ.ಮೀ.ನಂತೆ ಓಡಿಸಿ ತೆಗೆಯಿರಿ. ಬಿಟ್‌ನ ವ್ಯಾಸದ ಅರ್ಧಕ್ಕಿಂತ ಹೆಚ್ಚು ಯಾವತ್ತೂ ಬೇಡ. ಎರಡು ಮೂರು ಓಟಕ್ಕೊಮ್ಮೆ ಪುಡಿ ತೆಗೆಯಿರಿ.
5. ಪೂರ್ತಿ ಆಳದಲ್ಲಿ ಕೊನೆಯ ಸವರಾಟ, ಮುಖದ ಬದಿಯ ಗೈಡ್ ಬಲಗೈಗೆ, ನೂಕುವ ದಿಕ್ಕಿನಲ್ಲಿ.

ಬಿಟ್ ತಳದಲ್ಲೂ ಹಲ್ಲಿರುವುದೇ ಆಗಬೇಕು. ಪಕ್ಕದಲ್ಲಿ ಮಾತ್ರ ಹಲ್ಲಿರುವ ಸ್ಟ್ರೈಟ್ ಬಿಟ್ ಇಳಿಸಿದರೆ ನಡುವೆ ಮರ ಉಜ್ಜಿ ಹೊಗೆ ಬರುತ್ತದೆ. ಮೇಲೆತ್ತುವ ಸ್ಪೈರಲ್ ಬಿಟ್ ಆಳದ ತೂತಿಗೆ ಬಹಳ ಒಳ್ಳೆಯದು, ಪುಡಿಯನ್ನು ತಾನೇ ಹೊರಗೆ ತರುತ್ತದೆ. ಆದರೆ ಅದು ತನ್ನನ್ನೇ ಮರದೊಳಗೆ ಎಳೆದುಕೊಳ್ಳುತ್ತದೆ, ಕಾಲೆಟ್ (ಬಿಟ್‌ನ ಕಾಂಡ ಹಿಡಿಯುವ ಬಾಯಿ) ಸಡಿಲವಿದ್ದರೆ ಬಿಟ್ ಜಾರಿ ಕೆಳಗಿಳಿಯುತ್ತದೆ.

ಅರ್ಧನೂಲು

ಕಾಲೆಟ್ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಮತ್ತು ಕಾಲಿಂಚು, 12 ಮಿ.ಮೀ. ಮತ್ತು ಅರ್ಧ ಇಂಚು, ಎರಡೂ ಬೆರೆತು ಬರುತ್ತವೆ. ಕಾಲಿಂಚು ಅಂದರೆ 6.35, ಅರ್ಧ ಇಂಚು ಅಂದರೆ 12.7. ಅರ್ಧ ಇಂಚಿನ ಕಾಲೆಟ್‌ನಲ್ಲಿ 12ರ ಬಿಟ್ ಹಾಕಿ ಜೋರಾಗಿ ತಿರುಗಿಸಿದರೆ ಹಿಡಿದಂತೆ ಕಾಣುತ್ತದೆ, ಕೊಯ್ಯುವಾಗ ಜಾರುತ್ತದೆ. ಇದು ಕೈಕಾಲಿಗೆ ಅಪಾಯ, ಬರೀ ಮರ ಹಾಳಾಗುವ ಮಾತಲ್ಲ. ಬಿಟ್ ಕೊಳ್ಳುವಾಗ ವರ್ನಿಯರ್ ಹಿಡಿದು ನೋಡಿ.

ಬಿಟ್‌ನ ಕಾಂಡ ಕನಿಷ್ಠ 20 ಮಿ.ಮೀ. ಕಾಲೆಟ್ ಒಳಗಿರಲಿ. ತಳಕ್ಕೆ ಮುಟ್ಟಿಸಿ 2 ಮಿ.ಮೀ. ಮೇಲೆತ್ತಿ ಬಿಗಿಯಿರಿ. ಮಾರ್ಕರ್ ಪೆನ್‌ನಲ್ಲಿ ಕಾಂಡಕ್ಕೂ ನಟ್‌ಗೂ ಸೇರಿ ಒಂದು ಗೆರೆ ಎಳೆದಿಡಿ, ಜಾರಿದರೆ ಗೆರೆ ಒಡೆದು ಕಾಣುತ್ತದೆ. ಬಿಟ್ ಮುಟ್ಟುವ ಮುಂಚೆ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು.

ತೇಗದೋಟ

ನನ್ನ ಬಳಿ ಇರುವುದು ಟ್ರಿಮ್ಮರ್ (ಸಣ್ಣ ರೌಟರ್) ಮಾತ್ರ, 6 ಮಿ.ಮೀ. ಕಾಲೆಟ್, ಬೇಸ್ 90 ಮಿ.ಮೀ. ಚೌಕ. ಇದೇ ಕೆಲಸ ಅದರಲ್ಲಿ ಆಗುತ್ತದೆಯೇ ಅಣ್ಣ?

ಹತ್ತರಿಪುಡಿ

ಅರ್ಧ ಆಗುತ್ತದೆ ತಮ್ಮ. 6ರ ಬಿಟ್‌ಗೆ ಹಲ್ಲಿನ ಉದ್ದ ಸಾಮಾನ್ಯವಾಗಿ 20-25 ಮಿ.ಮೀ. ಅಷ್ಟು ಆಳ ಟ್ರಿಮ್ಮರ್‌ನಲ್ಲಿ, ಉಳಿದದ್ದು ಡ್ರಿಲ್ ಮತ್ತು ಉಳಿ. ಮೇಲಿನ 20 ಮಿ.ಮೀ. ಗೋಡೆ ನೆಟ್ಟಗಿದ್ದರೆ ಅದೇ ಉಳಿಗೆ ದಾರಿ ತೋರಿಸುತ್ತದೆ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡ. ಟ್ರಿಮ್ಮರ್‌ಗೆ ಪ್ಲಂಜ್ ಇಲ್ಲದಿದ್ದರೆ ಓಡುತ್ತಿರುವ ಬಿಟ್ ಮೇಲೆ ಓರೆ ಮಾಡಿ ಇಳಿಸುವುದಕ್ಕಿಂತ ಮೊದಲು ಒಂದು ತುದಿಯಲ್ಲಿ ಡ್ರಿಲ್‌ನಿಂದ 8ರ ತೂತು ಮಾಡಿ ಅಲ್ಲಿಂದ ಶುರು ಮಾಡು.

6ರ ಬಿಟ್‌ನಲ್ಲಿ 12 ಅಗಲ ತರಲು ಗೈಡ್ ಸರಿಸಬೇಕಿಲ್ಲ. ಎರಡು ಗೈಡ್‌ಗಳ ನಡುವಿನ ಅಂತರ 41.1 ಇಡು: ಮರ 35, ಒಂದು ಪಟ್ಟಿ 6, ಸಂದು 0.1. ಮುಖದ ಬದಿಯ ಗೈಡ್‌ನಿಂದ ಬಿಟ್‌ನ ಹತ್ತಿರದ ಅಂಚಿಗೆ 17.5. ಮೊದಲ ಸಲ 6 ಮಿ.ಮೀ. ಪಟ್ಟಿಯನ್ನು ಹಿಂದಿನ ಬದಿಗೆ ಇಟ್ಟು ಕೊಯ್ಯಿ. ಎರಡನೆಯ ಸಲ ಅದೇ ಪಟ್ಟಿಯನ್ನು ಮುಖದ ಬದಿಗೆ ಬದಲಿಸಿ ಕೊಯ್ಯಿ. ಬಿಟ್ ಸರಿಯಾಗಿ 6 ಸರಿಯುತ್ತದೆ, ತೂತು 12, ಮುಖದಿಂದ ದೂರ 11.5. ಅಂಗಡಿಯ 6 ಮಿ.ಮೀ. ಪ್ಲೈ ಎಷ್ಟೋ ಸಲ 5.5 ಇರುತ್ತದೆ, ಅಳೆದು ನೋಡು. ಕಡಿಮೆ ಇದ್ದರೆ ನಡುವೆ ಗೋಡೆ ಉಳಿಯದು ನಿಜ, ಆದರೆ ತೂತು 11.5 ಆಗುತ್ತದೆ.

ಟ್ರಿಮ್ಮರ್ ಜೊತೆ ಬರುವ ತಗಡಿನ ಗೈಡ್ ನಂಬಬೇಡ. ಹೆಬ್ಬೆರಳಿನಿಂದ ಒತ್ತಿದರೇ ಬಾಗುತ್ತದೆ. ಮೇಲೆ ಹೇಳಿದ ಹಲಗೆಯನ್ನೇ 220ಕ್ಕೆ 120ರ ಅಳತೆಯಲ್ಲಿ ಮಾಡಿಕೋ.

ಮೂಲೆಮಟ್ಟ

ಗಾಜು ಕೂರುವ ಮೆಟ್ಟಿಲು ಕೊಯ್ಯುವಾಗಲೂ ಇದೇ ವಾಲುವ ತೊಂದರೆ ಬರುತ್ತದೆ. ಬಾಗಿಲು ಜೋಡಿಸಿದ ಮೇಲೆ ಒಳಗಡೆಯಿಂದ 12 ಆಳ 10 ಅಗಲ ತೆಗೆಯುವಾಗ ಬೇಸ್‌ನ ಅರ್ಧಕ್ಕೆ ಆಸರೆಯೇ ಇಲ್ಲ. ಅಲ್ಲಿ ಎರಡನೆಯ ಗೈಡ್ ಹಾಕಲು ಆಗುವುದಿಲ್ಲ, ಬಾಗಿಲಿನ ಒಳಭಾಗದಲ್ಲಿ 35 ದಪ್ಪದ್ದೇ ಒಂದು ತುಂಡನ್ನು ಬೆಂಚಿಗೆ ಸ್ಕ್ರೂ ಮಾಡಿ, ನಿಲುವು ಪಟ್ಟಿಯಿಂದ 30 ಮಿ.ಮೀ. ಬಿಟ್ಟು ಇಡಿ. ಬೇಸ್‌ನ ಇನ್ನೊಂದು ಬದಿ ಅದರ ಮೇಲೆ ಕೂರುತ್ತದೆ. ಹೊನ್ನೆಯಂಥ ಎಳೆ ತಿರುಚಿದ ಮರದಲ್ಲಿ ಅಂಚು ಕಿತ್ತು ಬಾರದಂತೆ ಮೊದಲು 1 ಮಿ.ಮೀ. ಮಾತ್ರ ಉಲ್ಟಾ ದಿಕ್ಕಿನಲ್ಲಿ ಸವರಿ, ಆಮೇಲೆ ಸರಿ ದಿಕ್ಕಿನಲ್ಲಿ ಪೂರ್ತಿ ತೆಗೆಯಿರಿ. ಉಲ್ಟಾ ಓಡಿಸುವಾಗ ಬಿಟ್ ರೌಟರನ್ನು ಮುಂದಕ್ಕೆ ಎಳೆದುಕೊಂಡು ಓಡುತ್ತದೆ, ಎರಡೂ ಕೈ ಬಿಗಿ ಇರಲಿ, 1 ಮಿ.ಮೀ.ಗಿಂತ ಹೆಚ್ಚು ಬೇಡವೇ ಬೇಡ.

ಗಂಡುಮೆಟ್ಟಿನ_ಬಡಗಿ

ಗಾಜಿನ ಬೀಡಿಂಗ್ (ಗಾಜು ಹಿಡಿಯೂ ಸಣ್ಣ ಪಟ್ಟಿ) ಬಗ್ಗೇನೂ ಹೇಳ್ತೀನ್ರಿ, ಯಾರರ ಕೇಳೂಕಿಂತ ಮೊದಲು. 10ಕ್ಕ 12ರ ಪಟ್ಟಿ ಮ್ಯಾಲೆ ಯಾವ ಗೈಡ್ ಹಾಕಿದ್ರೂ ರೌಟರ್ ಓಡಿಸಬ್ಯಾಡ್ರಿ. ಮರ ಬಾಗತೈತಿ, ಒಡದು ಹಾರತೈತಿ. 100 ಅಗಲದ ಹಲಗಿ ತಗೊಂಡು ಅದರ ಅಂಚಿಗೆ ಗೋಲು (ದುಂಡು) ಹೊಡದು, ಆಮ್ಯಾಲೆ ಆ ಅಂಚನ್ನ ಗರಗಸದಾಗ 10ಕ್ಕ ಸೀಳಿ ತೆಗೀರಿ. ಮತ್ತ ಅಂಚಿಗೆ ಹತ್ತರಿ ಹೊಡದು ಮುಂದಿನದು. ಹಲಗಿ 50ಕ್ಕ ಬಂದಾಗ ನಿಲ್ಲಿಸ್ರಿ.

ಕಿಟಕಿಕೆಲಸ

ಪರೀಕ್ಷೆಯ ತುಂಡಿನಲ್ಲಿ ತೂತು ಹೊಡೆದು ನೋಡಿದೆ. ಅಗಲ 12.1, ಬಾಯಿಗೂ ತಳಕ್ಕೂ ವ್ಯತ್ಯಾಸ ವರ್ನಿಯರ್‌ಗೆ ಸಿಗುವಷ್ಟಿಲ್ಲ. ಆದರೆ ಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆ ಇದೆ. ವೇಗ ಕಡಿಮೆ ಮಾಡಬೇಕೇ?

ಅರ್ಧನೂಲು

12ರ ಬಿಟ್‌ಗೆ ನಿಮಿಷಕ್ಕೆ 20,000 ಸುತ್ತಿನ ಆಸುಪಾಸು ಸರಿ. ಕಲೆ ಎಲ್ಲಿದೆ ನೋಡಿ. ತೂತಿನ ಎರಡು ತುದಿಯಲ್ಲಿ ಮಾತ್ರ ಇದ್ದರೆ ತಡೆತುಂಡಿಗೆ ತಾಗಿ ಅಲ್ಲೇ ನಿಂತದ್ದು ಕಾರಣ. ತಾಗಿದ ತಕ್ಷಣ ತಿರುಗಿ. ಉದ್ದಕ್ಕೂ ಇದ್ದರೆ ಪುಡಿ ತುಂಬಿಕೊಂಡು ಬಿಟ್ ಅದನ್ನೇ ಮತ್ತೆ ಅರೆಯುತ್ತಿದೆ, ಅಥವಾ ಹಲ್ಲು ಮೊಂಡಾಗಿದೆ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನದೇ ಬೇಕು. ಬಿಟ್‌ಗೆ ಕಂದು ಅಂಟು ಹಿಡಿದಿದ್ದರೆ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಪೂರ್ತಿ ಒರೆಸಿ ಒಣಗಿಸಿ ಹಾಕಿ.

12.1 ಬಂದದ್ದು ಕಾಗದದ ಸಂದು. ತೂತನ್ನು ಬಿಟ್ಟು ಟೆನನ್ ಅನ್ನು ಅದಕ್ಕೆ ಹೊಂದಿಸಿ: ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದದ್ದಕ್ಕೆ ಕೊಡತಿಯ ಹಗುರ ಏಟು. ತೂತಿನ ತುದಿ ದುಂಡಗೆ ಇರುತ್ತದಲ್ಲ, ಅದನ್ನು ಉಳಿಯಿಂದ ಚೌಕ ಮಾಡುವುದಕ್ಕಿಂತ ಟೆನನ್‌ನ ಮೂಲೆಯನ್ನು ಅರದಿಂದ ದುಂಡಗೆ ಸವರುವುದು ಬೇಗ ಆಗುತ್ತದೆ. ತುದಿಯಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೂ ನಡೆಯುತ್ತದೆ, ಅಂಟಿನ ಹಿಡಿತ ಇರುವುದು ಎರಡು ಅಗಲದ ಗೋಡೆಗಳಲ್ಲಿ.